ಮಾನಮ್ಮ ಕೊಟ್ಟುಹೋದ ಚೀಟಿ

ಮೇಲೂರು,
ಇಸವಿ 2214, ಬಿಸಿಯ ಮೂವತ್ತೆರಡನೆಯ ದಿನ

ಈ ಕತೆಯನ್ನು ಮೊದಲು ಹೇಳಿದವಳು ನನ್ನ ಅಜ್ಜಿ ದ್ಯಾವಕ್ಕ. ಹೇಳಿದ್ದು 2171ರ ಬಿಸಿಗಾಲದಲ್ಲಿ, ಕೆಲಸದಿಂದ ಅವಳು ನಿವೃತ್ತಳಾದ ದಿನ ಮಧ್ಯಾಹ್ನ, ಕಚೇರಿಯ ಮೂವತ್ತು ಜನರ ಎದುರು. ನನಗಾಗ ಒಂಬತ್ತು ವರ್ಷ. ಅವಳ ಸೆರಗು ಹಿಡಿದು ಪಕ್ಕದಲ್ಲೇ ಕೂತಿದ್ದೆ. ನಮಗಿಂತ ಸುಮಾರು ಇನ್ನೂರು ವರ್ಷ ಹಿಂದೆ ಕಾಲೇಜು ಓದುತ್ತಿರುವ ಮಕ್ಕಳೇ, ಅವರನ್ನು ಕೆಲಸಕ್ಕೆ ಕರೆಯುವ ಹಿರಿಯರೇ, ಈ ಕಾಗದ ನಿಮಗೆ. ನನ್ನ ಕೆಲವು ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ಕಾಗದ ಹಿಂದಕ್ಕೆ ಹೇಗೆ ನಡೆದು ಬಂತು ಎಂದು ಕೇಳಬೇಡಿ. ಕತೆಯನ್ನು ಬಿಟ್ಟುಬಿಟ್ಟರೆ ಸಾಕು, ದಾರಿ ಅದೇ ಹುಡುಕಿಕೊಳ್ಳುತ್ತದೆ ಎನ್ನುತ್ತಿದ್ದಳು ಅಜ್ಜಿ.

ನಮ್ಮ ವರ್ಷ ಬಿಸಿಯಿಂದ ಶುರುವಾಗುತ್ತದೆ. ಬೆಳಿಗ್ಗೆ ಹತ್ತೂವರೆಗೆ ಊರ ಗಂಟೆ ಹೊಡೆದರೆ ಸಂಜೆ ನಾಲ್ಕೂವರೆಯವರೆಗೆ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಸಂತೆ, ಮದುವೆ, ಶಾಲೆ ಎಲ್ಲವೂ ಬೆಳಗಿನ ಹೊತ್ತೇ. ಜೋಳವನ್ನು ಬಟ್ಟೆಯ ಚಪ್ಪರದ ಕೆಳಗೆ ಬೆಳೆಯುತ್ತೇವೆ, ಅದಕ್ಕೆ ನೆರಳುಹೊಲ ಎನ್ನುತ್ತೇವೆ. ಗಂಟೆಯಾದ ಮೇಲೆ ಊರಿಗೆ ಊರೇ, ಎಮ್ಮೆ ಕರು ಸಮೇತ, ತಂಪುಮನೆಗೆ ಇಳಿಯುತ್ತದೆ. ತಂಪುಮನೆ ಎಂದರೆ ಅರ್ಧ ನೆಲದೊಳಗಿರುವ, ದಪ್ಪ ಮಣ್ಣುಗೋಡೆಯ ದೊಡ್ಡ ಹಜಾರ. ಗಾಳಿ ಬರುವ ಬಾಗಿಲುಗಳಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿರುತ್ತಾರೆ. ಊಟ, ನಿದ್ದೆ, ಪಗಡೆ, ಅತ್ತೆ ಸೊಸೆಯರ ಜಗಳ ಎಲ್ಲ ಅಲ್ಲೇ. ಸಿಟ್ಟು ಬಂತೆಂದು ಎದ್ದು ಹೊರಗೆ ಹೋಗುವ ಹಾಗಿಲ್ಲವಾದ್ದರಿಂದ ನಮ್ಮಲ್ಲಿ ಜಗಳ ಬೇಗ ಮುಗಿಯುತ್ತದೆ. ಯಾವ ಊರಿನ ಮನೆಗೆ ಯಾವ ದಿಕ್ಕಿಗೆ ಬಾಗಿಲು ಎಂದು ಗೊತ್ತುಮಾಡಿ ನಕ್ಷೆ ಬರೆಯುವುದು ಮೇಲೂರಿನ ತಂಪು ಕಚೇರಿ. ಅಲ್ಲಿ ನೌಕರಿ ಬೇಕೆಂದರೆ ಕಾಲೇಜು ಮುಗಿಸಿ ಎರಡು ವರ್ಷ ‘ಬರಿಗೈ ಕಾಲ’ ಕಳೆಯಬೇಕು. ಕೆಲಸ ಪೂರ್ತಿ, ಸಂಬಳವಿಲ್ಲ, ಕೊನೆಗೊಂದು ಪ್ರಮಾಣಪತ್ರ. ನೀವು ಅದನ್ನು ಇಂಟರ್ನ್‌ಶಿಪ್ ಎನ್ನುತ್ತೀರಂತೆ. ನಿಮ್ಮಲ್ಲಿ ಕೆಲವೇ ತಿಂಗಳಿದ್ದದ್ದು ನಮ್ಮವರೆಗೆ ಬರುವಷ್ಟರಲ್ಲಿ ಎರಡು ವರ್ಷವಾಗಿತ್ತು.

ಅಜ್ಜಿ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅಲ್ಲಿಗೆ ಸೇರಿದಳು. ಅವಳ ಜೊತೆ ಅದೇ ದಿನ ಸೇರಿದವಳು ಕರಿಹಾಳದ ಮಾನಮ್ಮ. ಅಜ್ಜಿಗೆ ಮೇಲೂರಿನಲ್ಲಿ ಸೋದರತ್ತೆಯ ಮನೆಯಿತ್ತು, ಮಲಗಲು ಮಂಚವಿತ್ತು, ದಿನವೂ ಬುತ್ತಿ ಬರುತ್ತಿತ್ತು. ಮಾನಮ್ಮನಿಗೆ ಅಲ್ಲಿ ಯಾರೂ ಇರಲಿಲ್ಲ. ಅವಳ ತಾಯಿ ಹುಲಿಗೆಮ್ಮ ಕರಿಹಾಳದ ತಂಪುಮನೆಯಲ್ಲಿ ತಟ್ಟಿಗೆ ನೀರು ಹೊಡೆಯುವವಳು. ಮಗಳು ಕಾಲೇಜಿಗೇ ಮೊದಲಿಗಳಾಗಿ ಬಂದಿದ್ದಳು. ಕಚೇರಿಯವರು ಅವಳಿಗೆ ತಟ್ಟಿ ಇಂಜಿನಿಯರ್ ಎಂದು ಹೆಸರಿಟ್ಟರು. ತಟ್ಟಿ ಒಣಗಿದರೆ ಮೊದಲು ಬಾಯಿಬಾಯಿ ಬಿಡುವವರು ಇಂಜಿನಿಯರುಗಳೇ ಎಂದು ಅವಳೂ ತಿರುಗಿಸಿ ನಗುತ್ತಿದ್ದಳಂತೆ.

ಕಚೇರಿಯ ಹಿರಿಯರು ಸಂಗಯ್ಯನವರು. ಒಳ್ಳೆಯ ಮನುಷ್ಯ, ಅದನ್ನು ಅಜ್ಜಿ ಎಷ್ಟೋ ಸಲ ಹೇಳಿದ್ದಾಳೆ. ಒಂದು ಗೆರೆ ತಪ್ಪಿದರೆ ಹತ್ತು ಸಲ ತಾಳ್ಮೆಯಿಂದ ತಿದ್ದಿಸುತ್ತಿದ್ದರು. ಕಲಿಸುವುದೇ ನಾವು ಕೊಡುವ ಸಂಬಳ ಎಂದು ಮನಸಾರೆ ನಂಬಿದ್ದರು. ತಾವೂ ಹಾಗೇ ಕಲಿತವರು. ಆಗ ತಮ್ಮ ತಂದೆಯ ಮನೆ ಕಚೇರಿಯಿಂದ ಎರಡು ಓಣಿ ಆಚೆಗಿತ್ತು ಎಂಬುದು ಅವರಿಗೆ ಲೆಕ್ಕಕ್ಕೇ ಬಂದಿರಲಿಲ್ಲ.

ಮಧ್ಯಾಹ್ನ ಎಲ್ಲರೂ ಉಂಡು ಮಲಗಿದಾಗ ಮಾನಮ್ಮ ಮೇಲೂರಿನ ತಂಪುಮನೆಯಲ್ಲಿ ತಟ್ಟಿಗೆ ನೀರು ಹೊಡೆಯುತ್ತಿದ್ದಳು. ಆ ಕೂಲಿಯಲ್ಲೇ ಅವಳ ಊಟ ನಡೆಯುತ್ತಿತ್ತು. ಐದನೆಯ ತಿಂಗಳು ಸಂಗಯ್ಯನವರ ಕಣ್ಣಿಗೆ ಬಿದ್ದಳು. ಅವರು ಬೈಯಲಿಲ್ಲ. ಬರಿಗೈ ಕಾಲದಲ್ಲಿ ಬೇರೆ ಕೂಲಿ ಮಾಡಬಾರದು, ಕಲಿಯುವ ಮನಸ್ಸು ಎರಡಾಗುತ್ತದೆ ಎಂಬ ನಿಯಮವನ್ನು ನೆನಪಿಸಿದರು, ಅಷ್ಟೇ. ಅವಳು ಕೊಡ ಕೆಳಗಿಟ್ಟಳು.

“ನಾ ಕಲಿಯಾಕ ಬಂದೀನಿ ಅಂತ ನನ್ನ ತಲಿಗೆ ತಿಳಿತೈತ್ರಿ ಸರ. ಹೊಟ್ಟಿಗೆ ಹೆಂಗ ತಿಳಿಸಿ ಹೇಳ್ಲಿ?”

ಎಲ್ಲರೂ ನಕ್ಕರು. ಸಂಗಯ್ಯನವರೂ ನಕ್ಕರು. ನಗು ಮುಗಿಯಿತು, ನಿಯಮ ಹಾಗೇ ಉಳಿಯಿತು.

ಮರುದಿನದಿಂದ ಅಜ್ಜಿ ಬುತ್ತಿಯಲ್ಲಿ ಎರಡು ರೊಟ್ಟಿ ಹೆಚ್ಚು ತಂದಳು. ಮಾನಮ್ಮ ಎಂಟು ದಿನ ಉಂಡಳು. ಒಂಬತ್ತನೆಯ ದಿನ ರೊಟ್ಟಿ ಕಟ್ಟಿದ ಬಟ್ಟೆಯನ್ನು ಒಗೆದು ಮಡಿಸಿ ವಾಪಸು ಕೊಟ್ಟಳು. ನಿಮ್ಮತ್ತೆಯ ಕೈರುಚಿ ದೊಡ್ಡದು, ಆದರೆ ಎರಡು ವರ್ಷ ಅವರ ಮುಖ ನೋಡಿಕೊಂಡು ಉಣ್ಣುವ ಧೈರ್ಯ ನನಗಿಲ್ಲ ಎಂದಳಂತೆ. ಆಗ ಕಚೇರಿಯ ಮೇಜಿನ ಮೇಲಿದ್ದದ್ದು ಕರಿಹಾಳದ ಹೊಸ ತಂಪುಮನೆಯ ನಕ್ಷೆ. ಮೇಲೂರಿನ ಗಾಳಿ ನೋಡಿಕೊಂಡು ಅದಕ್ಕೆ ಪಡುವಣಕ್ಕೆ ಹೆಬ್ಬಾಗಿಲು ಇಟ್ಟಿದ್ದರು. ಅದು ತಪ್ಪೆಂದು ಮಾನಮ್ಮ ಒಮ್ಮೆ ಹೇಳಿದ್ದಳು. ಬರಿಗೈಯವರ ಮಾತನ್ನು ಕಡತದಲ್ಲಿ ಬರೆಯುವ ಪದ್ಧತಿ ಇರಲಿಲ್ಲ. ಕಚೇರಿ ಬಿಟ್ಟು ಊರಿಗೆ ಹೊರಡುವ ದಿನ ಅವಳು ಅಜ್ಜಿಯ ಕೈಗೆ ಒಂದು ಚೀಟಿ ಕೊಟ್ಟು, ನೀನಾದರೂ ಇಲ್ಲಿರುತ್ತಿ, ಸಮಯ ನೋಡಿ ತೋರಿಸು ಎಂದಳು. ಅದರಲ್ಲಿ ಹೀಗಿತ್ತು: ‘ಯುಗಾದಿ ಕಳೆದ ಮೇಲೆ ನಮ್ಮೂರಿಗೆ ಹನ್ನೆರಡು ದಿನ ಪಡುವಣದಿಂದ ಕೆಂಡದಂಥ ಗಾಳಿ ಬೀಸುತ್ತದೆ. ಅವ್ವ ಬಲ್ಲಳು. ಈ ಬಾಗಿಲು ಬೇಡ.’

ಅಜ್ಜಿ ತೋರಿಸಲಿಲ್ಲ. ಹಿರಿಯರ ನಕ್ಷೆಗೆ ಎದುರು ಹೇಳಿದವರಿಗೆ ಪ್ರಮಾಣಪತ್ರ ತಡವಾಗುತ್ತದೆ ಎಂಬ ಭಯ. ನೌಕರಿ ಕಾಯಂ ಆಗಲಿ, ಆಮೇಲೆ ತೋರಿಸಿದರಾಯಿತು ಎಂದುಕೊಂಡಳು. ಕಾಯಂ ಆಗುವಷ್ಟರಲ್ಲಿ ಕರಿಹಾಳದಲ್ಲಿ ಗೋಡೆ ಎದ್ದಿತ್ತು. ಎದ್ದ ಗೋಡೆಯ ಬಗ್ಗೆ ಮಾತಾಡುವುದು ಇನ್ನೂ ಕಷ್ಟ.

ಆ ಮನೆ ಎದ್ದ ಮೂರನೆಯ ಬಿಸಿಗಾಲದಲ್ಲಿ ಆ ಗಾಳಿ ಎಂದಿಗಿಂತ ಜೋರಾಗಿ ಬಂತು. ಹೆಬ್ಬಾಗಿಲಿನ ತಟ್ಟಿ ನೀರು ಹೊಡೆದ ಹಾಗೇ ಒಣಗಿತು. ಒಳಗಿದ್ದವರಲ್ಲಿ ಹತ್ತೊಂಬತ್ತು ಜನ ಸತ್ತರು. ಕೊನೆಯವರೆಗೂ ಆ ಬಾಗಿಲಲ್ಲಿ ಕೊಡ ಹಿಡಿದು ನಿಂತಿದ್ದ ಹುಲಿಗೆಮ್ಮ ಅವರಲ್ಲಿ ಒಬ್ಬಳು.

ಅಜ್ಜಿ ಕರಿಹಾಳಕ್ಕೆ ಹೋದಳು. ಮಾನಮ್ಮ ಗೋಡೆಗೆ ಒರಗಿ, ತಾಯಿಯ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಳಲಿಲ್ಲ, ಬೈಯಲೂ ಇಲ್ಲ. ಒಂದೇ ಮಾತು ಕೇಳಿದಳು.

“ಚೀಟಿ ತೋರಿಸಿದ್ದೇನ ದ್ಯಾವಿ?”

ಇಷ್ಟು ಹೇಳಿ ಅಜ್ಜಿ ತನ್ನ ಎಲೆಯಡಿಕೆ ಚೀಲದಿಂದ ಆ ಚೀಟಿ ತೆಗೆದು ಮೂವತ್ತು ಜನರ ಮುಂದಿಟ್ಟಳು. ಮೂವತ್ತೇಳು ವರ್ಷ ನಾನು ಕೂತದ್ದು ಮಾನಮ್ಮನ ಕುರ್ಚಿಯಲ್ಲಿ, ಅವಳಿಗಿಂತ ಜಾಣೆ ಎಂದಲ್ಲ, ನನಗೆ ಅತ್ತೆಯ ಮನೆಯಿತ್ತು, ಅಷ್ಟೇ ಎಂದಳು. ಹಲವರು ಕಣ್ಣೊರೆಸಿಕೊಂಡರು.

ಅಜ್ಜಿ ಹೋಗಿ ಬಹಳ ವರ್ಷವಾಯಿತು. ಕಲಿಯಲು ಬಂದವರು ಪುಕ್ಕಟೆ ದುಡಿಯುವುದು ನ್ಯಾಯವೇ ಎಂದು ನಿಮ್ಮ ಕಾಲದಲ್ಲಿ ವಾದ ನಡೆಯುತ್ತಿದೆ ಎಂದು ಹಳೆಯ ಕಾಗದಗಳಲ್ಲಿ ಓದಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ. ಹಿರಿಯರೇ, ನಿಮ್ಮಲ್ಲಿಗೆ ಬಂದ ಮಕ್ಕಳಿಗೆ ಕಲಿಸುತ್ತೀರಿ, ನಿಜ. ಬರಲಾಗದವರು ಯಾರು, ನಡುವೆ ಬಿಟ್ಟುಹೋದವರು ಯಾರು ಎಂದು ಒಮ್ಮೆ ಬಾಗಿಲ ಆಚೆಗೂ ನೋಡಿ. ದುಡಿಸಿಕೊಂಡರೆ ಕೂಲಿ ಕೊಡಿ. ಕೂಲಿ ಪಡೆದವರು ಮಾತೂ ಆಡುತ್ತಾರೆ, ಅದನ್ನು ಬರೆದುಕೊಳ್ಳಿ. ಮಕ್ಕಳೇ, ನಿಮಗೆ ಬುತ್ತಿ ಬರುತ್ತಿದ್ದರೆ, ಪಕ್ಕದ ಕುರ್ಚಿಯವರ ಚೀಟಿಯನ್ನು ಅಂದೇ ತೋರಿಸಿ.

ಕತೆ ಕೇಳಿದ ಮೂವತ್ತು ಜನ ಮರುದಿನ ಬೆಳಿಗ್ಗೆ ಏನು ಮಾಡಿದರು ಎಂಬುದನ್ನೂ ಹೇಳಿಬಿಡುತ್ತೇನೆ. ಚೀಟಿಗೆ ಗಾಜಿನ ಚೌಕಟ್ಟು ಹಾಕಿಸಿ, ಕಚೇರಿಯ ಗೋಡೆಗೆ ತೂಗುಹಾಕಿ, ಮಲ್ಲಿಗೆ ಮಾಲೆ ಹಾಕಿ, ಕೈಮುಗಿದು ಉಪ್ಪಿಟ್ಟು ತಿನ್ನಲು ಹೋದರು. ಕುರ್ಚಿಯ ಮೇಲೆ ಹತ್ತಿ ಮೊಳೆ ಹೊಡೆದವಳು ಆ ವರ್ಷ ಬಂದಿದ್ದ ಬರಿಗೈ ಹುಡುಗಿ. ಕೆಳಗೆ ಮೊಳೆ ಹಿಡಿದು ನಿಂತವಳು ನಾನು. ತಿಂಡಿ ಆಯಿತೇ ಅಕ್ಕಾ ಎಂದು ಕೇಳಿದೆ. ಈ ಊರಿನಲ್ಲಿ ತನಗೆ ಯಾರೂ ಇಲ್ಲ ಎಂದು ಹೇಳಿ ಅವಳು ಇನ್ನೊಂದು ಮೊಳೆಗೆ ಕೈ ಚಾಚಿದಳು.

ಇಂತಿ,
ದ್ಯಾವಕ್ಕನ ಮೊಮ್ಮಗಳು ಗಿರಿಜವ್ವ