ಹಳದಿ ಟೀ ಶರ್ಟಿನ ತುಂಡುಗಳು

ಚಾಮರಾಜಪೇಟೆ
೧೨-೨-೨೦೨೫, ಬುಧವಾರ

ಮುದ್ದಿನ ಯಶೂಗೆ ಅಮ್ಮನ ಆಶೀರ್ವಾದಗಳು.

ಹೇಗಿದ್ದೀಯಮ್ಮಾ? ಸೊಂಟನೋವು ಇಳಿಯಿತೇ? ಅಳಿಯಂದಿರು ಚೆನ್ನಾಗಿದ್ದಾರೆಯೇ? ದೊಡ್ಡಬಳ್ಳಾಪುರದ ಬೆಳಗಿನ ಚಳಿಯಲ್ಲಿ ಸ್ವೆಟರ್ ಇಲ್ಲದೆ ತಿರುಗಬೇಡ. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಇಲ್ಲಿ ನಿನ್ನ ತಮ್ಮ ಸ್ವರೂಪ್, ಬಾಣಂತಿ ತೇಜಶ್ರೀ, ಕೂಸು ಎಲ್ಲರೂ ಸುಖ. ನಿಮ್ಮಪ್ಪ ಮೊಮ್ಮಗಳನ್ನು ಎತ್ತಿಕೊಂಡು ಕೂತರೆ ಪೇಪರನ್ನೂ ಮುಟ್ಟುವುದಿಲ್ಲ. ತೇಜಶ್ರೀ ತಾಯಿಯಿಲ್ಲದ ಹುಡುಗಿ, ಹಾಗಾಗಿ ಬಾಣಂತನ ನನ್ನದೇ. ಈಗೀಗ ಮಂಡಿ ನನ್ನ ಮಾತು ಕೇಳುವುದಿಲ್ಲ. ಬಾಯಂತೂ ಎಂದೂ ಕೇಳಿಲ್ಲ, ಅದು ನಿನಗೇ ಗೊತ್ತು.

ಮೊನ್ನೆ ಕೂಸಿನ ತೊಡೆಸಂದು ಕೆಂಪಾಗಿ ಗುಳ್ಳೆ ಎದ್ದಿತು. ಅಂಗಡಿಯ ವೈಪ್ಸ್ ಬೇಡ, ಮೆತ್ತನೆ ಬಟ್ಟೆ ನೀರಿನಲ್ಲಿ ಅದ್ದಿ ಒರೆಸಿ ಎಂದರು ಡಾಕ್ಟರು. ಅಟ್ಟದಿಂದ ನಿನ್ನ ಗಂಟು ಇಳಿಸಿದೆವು. ಕೂಸು ನೋಡಲು ಬಂದ ದಿನ ಅಷ್ಟು ಆಸೆಯಿಂದ ನನ್ನ ಕೈಗಿಟ್ಟೆಯಲ್ಲ, ಬನಿಯನ್ ಬಟ್ಟೆಯಲ್ಲಿ ಹೊಲಿದ ಒರೆಸುವ ತುಂಡುಗಳು, ಅವೇ. ಅವತ್ತು ಹೊಚ್ಚ ಹೊಸ ಹೊಲಿಗೆ ಕಂಡದ್ದೇ ತಡ, ನಾನು "ನಾಮಕರಣಕ್ಕೆ ಮುಂಚೆ ಮಗೂಗೆ ಹೊಸ ಬಟ್ಟೆ ತಾಗಿಸ್ತಾರೇನೇ? ಹೆತ್ತಿದ್ರೆ ಗೊತ್ತಾಗ್ತಿತ್ತು" ಎಂದುಬಿಟ್ಟೆ. ಅದೂ ಪಕ್ಕದ ಮನೆ ಅಂಬುಜಮ್ಮನ ಎದುರಿಗೆ. ನೀನು ಕಾಫಿ ಲೋಟ ಕೆಳಗಿಟ್ಟು, ಮೆಜೆಸ್ಟಿಕ್ಕಿನ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಗಂಟು ಬಿಚ್ಚಿದರೆ ಹೊಸದಾಗಿದ್ದದ್ದು ದಾರ ಮಾತ್ರ. ಹಳದಿ ತುಂಡೊಂದರ ಮೇಲೆ ಮಾಸಿದ ಏಳನೇ ನಂಬರಿನ ಅರ್ಧ ಕಂಡಿತು. ಸ್ವರೂಪನ ಕಬಡ್ಡಿ ಟೀ ಶರ್ಟು! ನಿನ್ನ ಮದುವೆಯಾದ ಮೇಲೆ ಸಾಮಾನು ಕಳಿಸುವಾಗ ಗಾಜಿನ ಲೋಟಗಳಿಗೆ ನಾನೇ ಸುತ್ತಿದ್ದ ಅವನ ಹಳೇ ಬಟ್ಟೆಗಳು ಅವು. ಒಂದನ್ನೂ ಎಸೆಯದೆ ಇಟ್ಟುಕೊಂಡಿದ್ದೀಯ. ಕೂಸಿಗೆ ಮೊದಲು ತಾಗಬೇಕಾದದ್ದು ಮನೆಯವರ ಹಳೇ ಬಟ್ಟೆ ಎಂಬ ಪದ್ಧತಿಯನ್ನು ನನಗಿಂತ ಚೆನ್ನಾಗಿ ಪಾಲಿಸಿದವಳು ನೀನು. ಇನ್ನೆರಡು ಇರಲಿ ಎಂದು ನಾನೂ ಮಿಷಿನ್ ಮುಂದೆ ಕೂತೆ. ಹಾಳು ಬಟ್ಟೆ ಎಳೆದಷ್ಟೂ ಹಿಗ್ಗುತ್ತದೆ, ಅಂಚೆಲ್ಲ ಕರಿದ ಹಪ್ಪಳದ ಹಾಗೆ ಸೊಟ್ಟಗಾಯಿತು. ನಿನ್ನವು ಒಂದೊಂದೂ ನೆಟ್ಟಗೆ ಕೂತಿವೆ. ಎಷ್ಟು ಹೊತ್ತು ತಾಳ್ಮೆಯಿಂದ ಹೊಲಿದೆಯೋ! ಅವತ್ತು ನಾನು ಹಾಗೆ ಅನ್ನಬಾರದಿತ್ತು. ಕೂಸಿನ ಕೆಂಪು ಈಗ ಇಳಿದಿದೆ.

ಅಳಿಯಂದಿರಿಗೆ ನಮ್ಮೆಲ್ಲರ ನೆನಪು ತಿಳಿಸು. ಗವಿ ಗಂಗಾಧರೇಶ್ವರ ನಿನ್ನನ್ನು ತಣ್ಣಗಿಟ್ಟಿರಲಿ.

ಇಂತಿ ನಿನ್ನ ಬಾಯಿಬಡುಕಿ ಅಮ್ಮ,
ಚಿಕ್ಕಮುನಿಯಮ್ಮ

ತಾ.ಕ.: ೨೩ರ ಭಾನುವಾರ ನಾಮಕರಣ. ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನೀನು. "ಮಕ್ಕಳಿರೋರ ಕೈಲಿ ಹೇಳಿಸಿ, ಒಳ್ಳೇದು" ಎಂದಳು ಅಂಬುಜಮ್ಮ. "ನನ್ನ ಮಗಳು ಬರೋವರೆಗೂ ಕೂಸು ಹೆಸರಿಲ್ದೇನೇ ಇರ್ಲಿ ಬಿಡ್ರೀ" ಎಂದೆ, ಅವಳ ಮುಖಕ್ಕೇ. ಈಗ ಎಲ್ಲರೂ ಪಾಪು ಪಾಪು ಎಂದೇ ಕರೆಯುತ್ತಿದ್ದಾರೆ. ಬಂದ್ಬಿಡು ಯಶೂ.