ಸಿಗ್ನಿಯ ಹೌದು

ಅಕ್ಟೋಬರ್ 2, ಬುಧವಾರ

ನಮ್ಮ ಲೂಥರನ್ ಚರ್ಚಿನ ದೃಢೀಕರಣದ ತರಗತಿಗೆ ಇವತ್ತು ಮೂವರೇ. ಉಳಿದ ಹುಡುಗರು ಸಕ್ಕರೆ ಬೀಟ್ ಗೆಡ್ಡೆ ಕೀಳುವ ಹೊಲಗಳಲ್ಲಿ. ಹೀಟರ್ ಮತ್ತೆ ಕೆಟ್ಟಿದೆ, ಕೋಟು ಹಾಕಿಕೊಂಡೇ ಪಾಠ. ತಿಂಗಳ ಕೊನೆಯ ಭಾನುವಾರ ದೃಢೀಕರಣ: ಮಕ್ಕಳು ಸಭೆಯೆದುರು ನಿಂತು, ತಾವು ಏನನ್ನು ನಂಬುತ್ತೇವೆಂದು ಸ್ವಂತ ಮಾತಿನಲ್ಲಿ ಓದಬೇಕು; ಆಮೇಲೆ ನಂಬುತ್ತೀಯಾ ಎಂದು ಪಾದ್ರಿಯಾದ ನಾನು ಕೇಳಿದಾಗ ಹೌದೆನ್ನಬೇಕು. ಮೊದಲು ಬರೆದುಕೊಟ್ಟವಳು ನನ್ನ ಮಗಳು ಸಿಗ್ನಿಯೇ. ಓದುತ್ತಾ ಕಣ್ಣು ತುಂಬಿತು. ಹದಿನೈದು ವರ್ಷದವಳು ಇಷ್ಟು ಚೆನ್ನಾಗಿ! ಕಾರಿನಲ್ಲಿ ಹಾಗೆಂದು ಹೇಳಿಯೂ ಬಿಟ್ಟೆ.

"ನಾನೆಲ್ಲಿ ಬರೆದೆ ಅಪ್ಪಾ? ಫೋನಿಗೆ ಹೇಳಿದೆ, ಅದೇ ಬರೀತು. ಲೂಥರನ್ ಹುಡುಗಿ, ಸ್ವಲ್ಪ ಅಳು ಬರೋ ಹಾಗಿರಲಿ ಅಂದೆ."

ಮುಚ್ಚುಮರೆ ಇಲ್ಲ. ರೇಡಿಯೋ ಹಾಕಿದಳು.

ಅಕ್ಟೋಬರ್ 3, ಬೆಳಿಗ್ಗೆ

ತಿಂಡಿಯ ಹೊತ್ತಿಗೆ ಕೇಳಿದೆ, ನೀನೇ ಬರೆಯಬಾರದೇ ಎಂದು.

"ನಾನು ಬರೆದ್ರೆ ಖಾಲಿ ಹಾಳೆ ಕೊಡಬೇಕಾಗುತ್ತೆ."

"ಅದನ್ನೇ ಕೊಡು. ದೇವರಿಲ್ಲ ಅಂತ ಬೇಕಾದ್ರೂ ಬರಿ. ಬೈಯಲ್ಲ."

"ಇಲ್ಲ ಅಂತ ಜಗಳ ಆಡೋಕೂ ಏನಾದ್ರೂ ಇರಬೇಕಲ್ಲಪ್ಪಾ. ಇದೆ ಅಂದ್ರೂ ಅಷ್ಟೆ, ಇಲ್ಲ ಅಂದ್ರೂ ಅಷ್ಟೆ. ಎಲ್ಲರೂ ಸಾಯ್ತೀವಿ, ಸೂರ್ಯಾನೂ ಆರಿಹೋಗುತ್ತೆ. ಆ ಹಾಲು ಕೊಡು ಇಲ್ಲಿ."

ಕೋಪವಿಲ್ಲ, ದುಃಖವೂ ಇಲ್ಲ. ನಾಳೆ ಮೋಡ ಇದೆಯಂತೆ ಅನ್ನುವ ಹಾಗೆ ಹೇಳಿದಳು. ನಾಸ್ತಿಕರ ಜೊತೆ ಎಷ್ಟೋ ವಾದ ಮಾಡಿದ್ದೇನೆ. ಹಾಲು ಕೊಟ್ಟೆ.

ಅಕ್ಟೋಬರ್ 13, ಭಾನುವಾರ

ಬೆಳಿಗ್ಗೆ ಚರ್ಚಿನಲ್ಲಿ ನನ್ನ ಉಪದೇಶ ಸಪ್ಪೆ. ಮಧ್ಯಾಹ್ನ ಸಿಗ್ನಿಯ ಜೊತೆ ವೃದ್ಧಾಶ್ರಮಕ್ಕೆ, ನನ್ನಮ್ಮನನ್ನು ನೋಡಲು. ಅಮ್ಮ ಮೊಮ್ಮಗಳ ಕೈ ಬಿಡಲೊಲ್ಲಳು.

"ನಿನ್ನ ದೃಢೀಕರಣ ಒಂದು ನೋಡಿ ಹೋಗ್ತೀನಿ ಕಣೇ."

"ಬರೀ ನೋಡಿ ಹೋಗ್ಬೇಡಜ್ಜಿ. ಕೇಕ್ ತಿಂದು ಹೋಗು."

ಇಬ್ಬರೂ ಬಿದ್ದು ಬಿದ್ದು ನಕ್ಕರು. ಸಿಗ್ನಿ ಅವಳ ಕಾಲಿನ ಉಗುರು ಕತ್ತರಿಸಿ, ಉಣ್ಣೆಯ ಕಾಲುಚೀಲ ತೊಡಿಸಿದಳು. ಪ್ರೀತಿಗೇನೂ ಕೊರತೆಯಿಲ್ಲ... ಅದಕ್ಕೇ ನಾನು ಇನ್ನಷ್ಟು ಕಂಗಾಲು.

ಹೊರಗೆ ಬಂದು ಬೇಡಿಕೊಂಡೆ. "ಮನಸ್ಸಿಲ್ಲದೆ ಹೌದು ಅನ್ಬೇಡ ಕಂದಾ. ಇಲ್ಲ ಅಂದುಬಿಡು."

"ಅಜ್ಜಿ ಅಳ್ತಾಳೆ. ಒಂದು ಹೌದು ತಾನೆ? ನನಗೇನು ಹೋಗುತ್ತೆ?"

ಬಾಯಲ್ಲಿಟ್ಟ ಬಿಸಿತುಪ್ಪ. ನುಂಗಲಾರೆ, ಉಗುಳಲಾರೆ. ಹೆಂಡತಿ ಮಾರಿಟ್‌ಗೆ ಹೇಳಿದರೆ ನಗುತ್ತಾಳೆ: "ಬೇರೆ ಪಾದ್ರಿಗಳು ಮಕ್ಕಳು ಇಲ್ಲ ಅಂದ್ರೆ ಅಳ್ತಾರೆ. ನೀನು ಹೌದು ಅಂದ್ರೂ ಅಳ್ತೀಯಲ್ಲೋ!"

ಅಕ್ಟೋಬರ್ 26, ಶನಿವಾರ

ಇಷ್ಟು ದಿನ ಏನೂ ಬರೆಯಲಿಲ್ಲ. ಪ್ರಾರ್ಥನೆಯೂ ಅಷ್ಟಕ್ಕಷ್ಟೆ. ನಾಳೆ ಅವಳನ್ನು ಬಿಟ್ಟು ಉಳಿದವರಿಗೆ ಮಾತ್ರ ದೃಢೀಕರಣ ಕೊಡಬಹುದು. ಪಾದ್ರಿ ನಾನು, ಅಧಿಕಾರವಿದೆ. ಎದೆಯಿಲ್ಲ. ಅಮ್ಮನ ಹೊಸ ಉಡುಪು ಇಸ್ತ್ರಿಯಾಗಿ ತೂಗುತ್ತಿದೆ. ಕೇಕಿನ ಮೇಲೆ ಸಿಗ್ನಿಯ ಹೆಸರೂ ಬಿದ್ದಾಗಿದೆ.

ಅಕ್ಟೋಬರ್ 27, ಭಾನುವಾರ, ಸಂಜೆ

ಸಿಗ್ನಿಗೆ ಬಿಳಿ ನಿಲುವಂಗಿ, ಎದೆಗೆ ಕೆಂಪು ಹೂ. ಫೋನ್ ಬರೆದದ್ದನ್ನೇ ಓದಿದಳು. ಹೆಂಗಸರು ಕಣ್ಣೊರೆಸಿಕೊಂಡರು. ನಂಬುತ್ತೀಯಾ ಎಂದು ನಾನೇ ಕೇಳಬೇಕು. ಕೇಳಿದೆ. ಇಲ್ಲ ಅನ್ನು, ಇಲ್ಲ ಅನ್ನು — ಒಳಗೊಳಗೇ ದೇವರನ್ನು ಬೇಡುತ್ತಿದ್ದೆ. ಹೀಗೆ ಬೇಡಿದ ಪಾದ್ರಿ ಇನ್ನೊಬ್ಬನಿದ್ದಾನೋ ಇಲ್ಲವೋ.

"ಹೌದು, ದೇವರ ಸಹಾಯದಿಂದ."

ಚೂರೂ ತೊದಲಲಿಲ್ಲ. ತಲೆಯ ಮೇಲೆ ಕೈಯಿಟ್ಟು ಪವಿತ್ರಾತ್ಮನನ್ನು ಕರೆದೆ. ದನಿ ಎಂದಿನ ಹಾಗೆ ತುಂಬಿ ಬಂತು. ಅಮ್ಮ ಗಾಲಿಕುರ್ಚಿಯಲ್ಲಿ ಅಳುತ್ತಿದ್ದಳು, ಸಂತೋಷಕ್ಕೆ.

ಆಮೇಲೆ ಕಾಫಿಯ ಹೊತ್ತಿಗೆ ಸಿಗ್ನಿ ಕೇಕಿನ ತಟ್ಟೆ ಹಿಡಿದು ಪಕ್ಕಕ್ಕೆ ಬಂದಳು. ಗೇಲಿಯಲ್ಲ, ನಿಜಕ್ಕೂ ತಿಳಿಯಬೇಕೆಂದೇ ಕೇಳಿದಳು.

"ಚೆನ್ನಾಗಿ ಹೇಳಿದೆ ಅಲ್ವಾ ಅಪ್ಪಾ? ಥೇಟ್ ನಿನ್ನ ಥರಾನೇ. ನೀನೂ ಹೀಗೇನಾ ಹೇಳೋದು?"

ಅಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ ಕರೆದಳೆಂದು ಹೋಗಿಬಿಟ್ಟಳು. ಒಂದೇ ಒಂದು ಮಾತು, ಅವಳು ನಿಂತಿದ್ದರೂ ಹೇಳಲಾಗುತ್ತಿರಲಿಲ್ಲ. ಯಾಕೆಂದರೆ ಅವಳ ತಲೆಯ ಮೇಲೆ ಕೈಯಿಟ್ಟು ಆ ಪ್ರಾರ್ಥನೆ ಹೇಳುವಾಗ, ನಾನೂ ಬರೀ ಬಾಯಲ್ಲೇ...