ಹೆಂಡತಿಯ ಜಾಗ ಎಡಗಡೆ

ನವೆಂಬರ್ 6, ಗುರುವಾರ

ಇವತ್ತೂ ಹೋಟೆಲ್ ರಿಸೆಪ್ಷನ್‌ನಲ್ಲಿ ಇಡೀ ದಿನ ನಿಂತೆ. ಕುರ್ಚಿ ಇದೆ, ಕೂರಬಾರದು — ಮ್ಯಾನೇಜರ್ ಉವಾಚ. ಪುಣೆಯಿಂದ ಬಂದ ಜೋಡಿಗೆ ಅದೇ ಹಳೇ ಪಾಠ. ಹೊಸಪೇಟೆ ಸ್ಟ್ಯಾಂಡಿನಿಂದ ಹಂಪಿಗೆ ಬಸ್. ಅಲ್ಲಿಂದ ಆಟೋ. ವಿಠ್ಠಲ ಗುಡಿಗೆ ಬ್ಯಾಟರಿ ಗಾಡಿ ಸಿಗುತ್ತದೆ, ನಡೆಯಬೇಡಿ, ಬಿಸಿಲು. ಊರಿಗೆಲ್ಲ ದಾರಿ ಹೇಳುವ ನಾನೇ ಹಂಪಿ ನೋಡಿ ನಾಲ್ಕು ವರ್ಷವಾಯಿತು. ಮರಿಯಮ್ಮನಹಳ್ಳಿ ರೋಡಿನಲ್ಲಿ ಅದಿರು ಲಾರಿ ಸ್ಕೂಟಿಗೆ ಬಡಿದ ಮೇಲೆ ಎಡಗಾಲಿನಲ್ಲಿ ರಾಡು. ನಡಿಗೆ ಚೆನ್ನಾಗಿಯೇ ಇದೆ. ದಣಿದರೆ ಮಾತ್ರ ಸ್ವಲ್ಪ ಎಳೆಯುತ್ತದೆ.

ಭಾನುವಾರ ಸಂಡೂರಿನವರು ನನ್ನನ್ನು ನೋಡಲು ಬರುತ್ತಾರೆ. ಮನೆಗಲ್ಲ, ಹಂಪಿಗೆ! ಒಪ್ಪಿಗೆಯಾದರೆ ಹೆಣ್ಣು ನೋಡಿದ್ದು, ಆಗದಿದ್ದರೆ ವಿರೂಪಾಕ್ಷನ ದರ್ಶನಕ್ಕೆ ಬಂದದ್ದು. ಜಾಣರು.

ಅಪ್ಪನ ಆರ್ಡರ್: "ರಾಡಿನ ಮಾತು ಎತ್ತಬ್ಯಾಡ. ಕೇಳಿದ್ರ ಹೇಳಿದ್ರಾತು."

ಹುಡುಗನಿಗೆ ಆಗಲೇ ಹೇಳಿಬಿಟ್ಟಿದ್ದೇನೆ. ಅಪ್ಪನಿಗೆ ಗೊತ್ತಿಲ್ಲ.

ನವೆಂಬರ್ 8, ಶನಿವಾರ

ಸಂಡೂರಿನ ಹುಡುಗ ಲಿಂಗರಾಜನ ಫೋನ್. ಫೋಟೋ ಕಳಿಸಿದಂದಿನಿಂದ ದಿನವೂ ಮಾಡುತ್ತಾನೆ. ಮೈನ್ಸ್‌ನಲ್ಲಿ ಸೂಪರ್‌ವೈಸರ್. ಬ್ಲಾಸ್ಟಿಂಗ್ ಸದ್ದಿಗೆ ಎಡಗಿವಿ ಪೂರ್ತಿ ಹೋಗಿದೆ. ಮನೆಯಲ್ಲಿ ಹೇಳಿಲ್ಲ. ಕಂಪನಿಗೆ ತಿಳಿದರೆ ಕೆಲಸ ಹೋಗುತ್ತದೆ. ನನಗೊಬ್ಬಳಿಗೆ ಹೇಳಿದ. ಅದಕ್ಕೇ ನಾನೂ ರಾಡಿನ ವಿಷಯ ಹೇಳಿದ್ದು. "ನಿಂದು ನನ್ನ ಹತ್ರ, ನಂದು ನಿನ್ನ ಹತ್ರ" ಅಂದಿದ್ದ.

ಕೇಳಿಸದಿದ್ದಾಗ ಏನು ಮಾಡ್ತೀರಿ ಎಂದೆ.

"ನಕ್ಕು ಹೂಂ ಅಂತೀನಿ. ಎಲ್ಲಾ ನಡದುಹೋಗ್ತೈತಿ."

ಹೆಂಡತಿ ಕೂರುವುದೇ ಎಡಗಡೆ, ನಾನು ಬೈದರೂ ಗೊತ್ತಾಗಲ್ಲ ಎಂದೆ. ಇಬ್ಬರೂ ನಕ್ಕೆವು. ಇವನು ನನಗೆ ಇಷ್ಟ. ಬರೆದೇಬಿಟ್ಟೆ.

ನವೆಂಬರ್ 9, ಭಾನುವಾರ

ಕಾಲು ಬಿಸಿನೀರಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಅವನ ತಾಯಿ ಚೆನ್ನಬಸಮ್ಮ. ಬಾಯಿ ಬೆಲ್ಲ. ವಿರೂಪಾಕ್ಷನ ಗುಡಿಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬಿದ್ದದ್ದು ನೋಡಿ ಕೆನ್ನೆ ಬಡಿದುಕೊಂಡರು. ಹೊರಗೆ ಬಂದು, "ಆಟೋ ಯಾಕ್ರಿ? ಹೊಳಿ ದಂಡಿ ಹಿಡಕೊಂಡು ನಡಕೋತ ಹೋಗೋಣು. ತಣ್ಣಗ ಐತಿ." ನೆತ್ತಿ ಸುಡುವ ಬಿಸಿಲು. ತಣ್ಣಗಂತೆ! ಬಂಡೆ, ಮೆಟ್ಟಿಲು, ಮತ್ತೆ ಬಂಡೆ. ಅಪ್ಪ ನನ್ನ ಕಾಲು ನೋಡುವುದು, ಮುಖ ಒರೆಸಿಕೊಳ್ಳುವುದು.

ನಾನು ಲಿಂಗರಾಜನ ಬಲಗಡೆಗೇ ನಡೆದೆ. ಆ ಕಡೆ ಬರೀ ಎದ್ದುಬಿದ್ದ ಕಲ್ಲು. ಇರಲಿ, ಅವನಿಗೆ ಕೇಳಿಸಬೇಕಲ್ಲ. ಅವನ ತಾಯಿ ಎಡದಿಂದ ಏನಾದರೂ ಕೇಳಿದರೆ ನಾನೇ ಬಾಯಿ ಹಾಕಿ ಉತ್ತರ ಕೊಟ್ಟೆ. ಬಜಾರಿ ಅಂದುಕೊಂಡಿರಬೇಕು.

ವಿಠ್ಠಲ ಗುಡಿಯ ಕಲ್ಲಿನ ರಥದ ಹತ್ತಿರ ಅವನು ಮೊಬೈಲ್ ತೆಗೆದ. "ಮುಂದ ನಡಿ ಗಂಗಾ, ಹಿಂದಿಂದ ವಿಡಿಯೋ ತಗೀತೀನಿ. ಮಸ್ತ್ ಬರ್ತೈತಿ." ನಡೆದೆ. "ಮೆಟ್ಲ ಇಳಿ." ಇಳಿದೆ. "ಇನ್ನೊಮ್ಮೆ." ನಾಚಿಕೆಯಾಯಿತು. ಖುಷಿಯೂ ಆಯಿತು. ನನ್ನನ್ನು ಯಾರೂ ಅಷ್ಟು ಹೊತ್ತು ನೋಡಿರಲಿಲ್ಲ.

ವಾಪಸಾಗುವಾಗ ಬ್ಯಾಟರಿ ಗಾಡಿ ಖಾಲಿ ನಿಂತಿತ್ತು. "ಇಷ್ಟು ನಡದೀವಿ, ಅಷ್ಟೂ ನಡಿಯೋಣು" — ಚೆನ್ನಬಸಮ್ಮ.

ನವೆಂಬರ್ 10

ಕಾಲು ಬಾತಿದೆ. ರಜೆ.

ಬೆಳಿಗ್ಗೆ ಲಿಂಗರಾಜನಿಂದ ವಾಟ್ಸಾಪ್. ನನ್ನ ವಿಡಿಯೋ ಎರಡು, ಜೊತೆಗೊಂದು ವಾಯ್ಸ್.

"ಜಡೆಪ್ಪ ಮಾವಾ, ಎಡಗಾಲ ನೋಡ್ರಿ. ಒಳಗ ರಾಡ್ ಐತಿ. ಮೆಟ್ಲ ಇಳಿಯೋದು ಎರಡನೇದ್ರಾಗ ಐತಿ. ಬೇಕಂತ ಭಾಳ ನಡಸೀವಿ, ಆಮ್ಯಾಲ ಎಳೀತಾಳ. ನಾಳೆ ಬಸುರಿ ಆದ್ರ ಭಾರ ತಡೀತೈತೋ ಇಲ್ಲೋ, ಅವ್ವ ಕೇಳಂದಾಳ."

ಜಡೆಪ್ಪ ಕಂಪ್ಲಿಯಲ್ಲಿ ಮೂಳೆ ಕಟ್ಟುವವನು. ಅವನಿಗೆ ಕಳಿಸಬೇಕಾದದ್ದು ನನಗೆ ಬಂದಿದೆ. ಸಂತೆಯಲ್ಲಿ ಎತ್ತನ್ನೂ ಹೀಗೇ ನಡೆಸಿ ನೋಡುತ್ತಾರೆ.

ನೋಡನೋಡುತ್ತ ಮೂರೂ ಡಿಲೀಟ್. ಆಮೇಲೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್.

ನಾನೂ ಗುಡ್ ಮಾರ್ನಿಂಗ್ ಕಳಿಸಿದೆ.

ನವೆಂಬರ್ 14

ಒಪ್ಪಿದ್ದಾರೆ. ಕಂಪ್ಲಿಯ ಮಾವ ಪಾಸ್ ಮಾಡಿರಬೇಕು.

ಅವನ ಕಿವಿಯದೊಂದು ಬಿಟ್ಟು ಅಪ್ಪನಿಗೆ ಎಲ್ಲ ಹೇಳಿದೆ, ನನಗೆ ಈ ಮದುವೆ ಬೇಡ ಎಂದೆ. ಪೇಡೆ ತಿನ್ನುತ್ತಲೇ ಕೇಳಿಸಿಕೊಂಡ. "ಹೋಗ್ಲಿ ಬಿಡವಾ. ಕುಂಟಿ ಅಂತ ಗೊತ್ತಿದ್ದೂ ಒಪ್ಯಾರ. ಬ್ಯಾಡ ಅನ್ನೋದಿದ್ರ ಹುಡುಗ ಅನ್ನಬೇಕು. ನೀ ಅಲ್ಲ."

ಕುಂಟಿ. ಅಪ್ಪನ ಬಾಯಲ್ಲಿ ಮೊದಲ ಸಲ. ಬಚ್ಚಲಿಗೆ ಹೋಗಿ ಅತ್ತೆ.

ಹುಡುಗ ಅನ್ನಬೇಕಂತೆ... ಸರಿ.

ಡಿಸೆಂಬರ್ 7, ಭಾನುವಾರ

ಮತ್ತೆ ಹಂಪಿ. ವಿರೂಪಾಕ್ಷನಿಗೂ ಪಂಪಾದೇವಿಗೂ ನಿಶ್ಚಯವಾಗುವ ಊರಿನಲ್ಲೇ ನಮ್ಮದೂ ಆಗಲಿ ಎಂದು ಚೆನ್ನಬಸಮ್ಮನ ಹಟ. ಈ ಸಲ ಕಾರು! ಪರೀಕ್ಷೆ ಮುಗಿದಿದೆಯಲ್ಲ.

ಮಂಟಪದಲ್ಲಿ ಜಮಖಾನೆ, ಎಲೆ ಅಡಿಕೆ, ಎರಡೂ ಕಡೆಯ ಹಿರಿಯರು. ಲಿಂಗರಾಜ ಬಲಗಡೆ ಜಾಗ ಬಿಟ್ಟುಕೊಂಡು ಕೂತಿದ್ದ. ನಾನು ಆ ಕಡೆಗೇ ಹೋದೆ. "ಅಲ್ಲಲ್ಲ, ಎಡಕ್ಕ ಕುಂದ್ರವಾ. ಹೆಂಡ್ತಿ ಜಾಗ ಎಡಕ್ಕ" ಎಂದರು ಚೆನ್ನಬಸಮ್ಮ. ಹೇಳಿದ್ದು ಅವರು. ನಾನಲ್ಲ.

ಅವನ ಬಲಕ್ಕೆ ಓಲಗದವರು, ಡೋಲು ಬಡಿಯುತ್ತಲೇ ಇದ್ದರು. ನನ್ನ ಎಡಕ್ಕೆ ಚೆನ್ನಬಸಮ್ಮ, ಅಪ್ಪ. ತಟ್ಟೆ ಬದಲಾಯಿಸುವ ಮೊದಲು ಶಾಸ್ತ್ರ ಮಾಡಿಸುವ ಅಯ್ಯನವರು ನಮ್ಮತ್ತ ಬಗ್ಗಿ, "ಇಬ್ರಿಗೂ ಒಪ್ಪಿಗಿ ಐತಲ್ಲ?" ಎಂದರು. ಶಾಸ್ತ್ರದ ಮಾತು.

ತಲೆ ತಗ್ಗಿಸಿಯೇ ಹೇಳಿದೆ. "ಇವರಿಗೆ ಕುಂಟಿ ಬ್ಯಾಡಂತ್ರಿ. ಅವ್ವನ ಕಾಟಕ್ಕ ಕುಂತಾರ. ಬೇಕಾದ್ರ ಕೇಳ್ರಿ."

ಆಮೇಲೆ ಅವನ ಕಡೆ ತಿರುಗಿದೆ. ಮೆತ್ತಗೆ ನಕ್ಕೆ. "ಹೌದಲ್ರಿ?"

ಒಂದು ಗಳಿಗೆ ಪಾಪ ಅನ್ನಿಸಿತು. ಮೆಟ್ಟಿಲು ನೆನಪಾಯಿತು.

ಅವನೂ ನಕ್ಕ. "ಹೂಂ. ಹೌದ್ರಿ" ಎಂದ, ಎಲ್ಲರಿಗೂ ಕೇಳುವ ಹಾಗೆ.

"ಏನಂದ್ಯೋ ಲೇ?" ಎಂದು ಅವನ ತಾಯಿ ಚೀರಿದರು. ಅವರಿಗೂ ನಕ್ಕು ತಲೆಯಾಡಿಸಿದ. "ಹೂಂ ಅವ್ವಾ, ಹೂಂ."

ಅಪ್ಪ ಎದ್ದು ನಿಂತ, ತಟ್ಟೆ ಮಗುಚಿತು. ಜಮಖಾನೆಯ ತುಂಬ ಎಲೆ ಅಡಿಕೆ.

ಡಿಸೆಂಬರ್ 8

ಬೆಳಿಗ್ಗೆಯಿಂದ ಅವನ ಫೋನ್. ಎತ್ತಿಲ್ಲ. ಕೇಳಿಸಲಿಲ್ಲ ಎಂದರೆ ಕೆಲಸ ಹೋಯಿತು. ಕೇಳಿಸಿತು ಎಂದರೆ ಮದುವೆ ಹೋಯಿತು. ಯಾವುದು ಬೇಕೋ ಆರಿಸಿಕೊಳ್ಳಲಿ.

ಈಗೊಂದು ವಾಯ್ಸ್. ಅಳುತ್ತಿದ್ದಾನೆ. "ಗಂಗಾ, ನೀ ಏನ್ ಕೇಳಿದಿ? ನಾ ಏನಂದೆ? ಯಾರೂ ಹೇಳವಲ್ರು..."

ಅವನ ಗುಟ್ಟು ನಾನು ಯಾರಿಗೂ ಹೇಳಿಲ್ಲ. ಇವತ್ತಿನ ತನಕ —